ಮಸ್ಕಿ, ಹಟ್ಟಿ, ಮುದಗಲ್ಲು: ಚಿನ್ನದ ಸೀಮೆಗೆ ಹೋಗುವವರು ತಿಳಿದಿರಬೇಕಾದದ್ದು

ರಾಯಚೂರು ಜಿಲ್ಲೆಯ ಚಿನ್ನದ ಸೀಮೆ ನೋಡಲು ಹೊರಟವರು ಸಾಮಾನ್ಯವಾಗಿ ನೇರ ಹಟ್ಟಿಗೆ ಹೋಗಿ, ಚಿನ್ನದ ಗಣಿಯ ಗೇಟಿನ ಮುಂದೆ ನಿಂತು, ಬೇಸರದಿಂದ ವಾಪಸ್ ಬರುತ್ತಾರೆ. ಮೊದಲು ಮಸ್ಕಿ ನೋಡಿ, ಆಮೇಲೆ ಹಟ್ಟಿ. ಕುಡುಗೋಲಿನ ಹಾಗೆ ಬಾಗಿರುವ ಒಂದೇ ಕಲ್ಲಿನ ಪಟ್ಟಿಯ ಮೇಲೆ ಈ ಎರಡೂ ಊರುಗಳಿವೆ. ಒಂದರಲ್ಲಿ ಗಣಿಗಾರಿಕೆ ಹಳೆಯ ಕಥೆ, ಇನ್ನೊಂದರಲ್ಲಿ ಇವತ್ತಿಗೂ ಪಾಳಿ ಬದಲಾಗುತ್ತದೆ.

ರಾಯಚೂರಿನಿಂದ ಮಸ್ಕಿಗೆ ಎರಡು ಗಂಟೆ ಹಿಡಿಯಿರಿ. ಬಳ್ಳಾರಿ, ಹೊಸಪೇಟೆ ಕಡೆಯವರಿಗೆ ಸಿಂಧನೂರು ದಾರಿ ಅನುಕೂಲ. ನವೆಂಬರ್‌ನಿಂದ ಜನವರಿ ಸರಿಯಾದ ಕಾಲ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಗುಡ್ಡದ ಬಂಡೆ ಕಾದ ಹೆಂಚಾಗಿರುತ್ತದೆ. ಮಳೆಗಾಲದಲ್ಲಿ ಬೈಕ್ ತಂದವರು ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿಯಬೇಡಿ. ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಗಾಡಿ ತಳ್ಳಿದರೂ ಮುಂದೆ ಹೋಗುವುದಿಲ್ಲ, ಕಟ್ಟಿಗೆಯಿಂದ ಕೆರೆದು ತೆಗೆಯಬೇಕು.

ಮಸ್ಕಿಯಲ್ಲಿ 'ಅಶೋಕನ ಶಾಸನ ಎಲ್ಲಿ' ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ದುರ್ಗದ ಗುಡ್ಡದ ಇಳಿಜಾರಿನ ಬಂಡೆಯ ಮೇಲಿದೆ. 1915ರಲ್ಲಿ ಇದನ್ನು ಕಂಡವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಇಲ್ಲಿ ಹುಡುಕುತ್ತಿದ್ದದ್ದು ಚಿನ್ನ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ದೊರೆಯ ಬಿರುದಷ್ಟೇ ಇತ್ತು. ಆ ದೊರೆ ಅಶೋಕನೇ ಎಂದು ಕಲ್ಲೇ ಹೇಳಿದ್ದು ಮೊದಲು ಮಸ್ಕಿಯಲ್ಲಿ. ಅದೇ ವರ್ಷ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿ ಇದನ್ನು ಓದಿ ಪ್ರಕಟಿಸಿದರು.

ಒಂದು ಟಾರ್ಚ್ ತಪ್ಪದೆ ಒಯ್ಯಿರಿ. ಮೊಬೈಲ್ ಬೆಳಕನ್ನು ಎದುರಿನಿಂದ ಬಿಟ್ಟರೆ ಬಂಡೆ ಬರೀ ಬಂಡೆಯಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಹಿಡಿದರೆ ಕೊರೆದ ಗೆರೆಯಲ್ಲಿ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಮೊದಲ ಸಾಲಿನಲ್ಲೇ 'ದೇವಾನಂಪಿಯಸ ಅಸೋಕಸ' ಎಂದಿದೆ. ಬ್ರಾಹ್ಮಿ ಬಾರದವರೂ ಹೆಸರು ಹುಡುಕಬಹುದು: ಬ್ರಾಹ್ಮಿಯ 'ಕ' ಗಣಿತದ ಕೂಡಿಸುವ ಚಿಹ್ನೆಯ ಹಾಗೆಯೇ ಇರುತ್ತದೆ. ಆ ಸಾಲಿನಲ್ಲಿ ಅಂಥ ಗುರುತು ಕಂಡರೆ ಅಶೋಕನ ಹೆಸರಿನ ನಡುವೆಯೇ ಇದ್ದೀರಿ. ಫೋಟೊ ಚೆನ್ನಾಗಿ ಬರಲೆಂದು ಸುಣ್ಣದ ಕಡ್ಡಿ ತಿಕ್ಕುವುದು, ನೀರು ಚಿಮುಕಿಸುವುದು ಬೇಡವೇ ಬೇಡ. 2,200 ವರ್ಷಕ್ಕೂ ಹೆಚ್ಚು ಕಾಲ ಉಳಿದುಬಂದ ಅಕ್ಷರಗಳವು.

ಗುಡ್ಡದ ಮೇಲೆ ಮಲ್ಲಿಕಾರ್ಜುನನ ಗುಡಿಯಿದೆ. ಮೆಟ್ಟಿಲು ಹತ್ತುವ ಮೊದಲೇ ನೀರು ತುಂಬಿಸಿಕೊಳ್ಳಿ. ಮೇಲಿಂದ ನೋಡಿದರೆ ಹಳೆಯ ಊರಿನ ಹರವು ಅಂದಾಜಾಗುತ್ತದೆ. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಇಲ್ಲಿ ಅಗೆಸಿದಾಗ ನವಶಿಲಾಯುಗದಿಂದ ಮುಂದಕ್ಕೆ ಪದರ ಪದರವಾಗಿ ವಸತಿಯ ಕುರುಹು ಸಿಕ್ಕವು.

ನಾಷ್ಟಾ ಮಸ್ಕಿಯಲ್ಲೇ ಮುಗಿಸಿ. ಮಂಡಾಳು ಒಗ್ಗರಣಿ, ಬಿಸಿ ಮಿರ್ಚಿ ಬೆಳಿಗ್ಗೆ ಸಿಗುವಷ್ಟು ಚೆನ್ನಾಗಿ ಮಧ್ಯಾಹ್ನ ಸಿಗುವುದಿಲ್ಲ.

ಅಲ್ಲಿಂದ ಲಿಂಗಸುಗೂರು ಸುಮಾರು 30 ಕಿ.ಮೀ., ಮುಂದೆ ಹಟ್ಟಿ ಇನ್ನೊಂದು 20 ಕಿ.ಮೀ. ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ ದೇಶದ ಗಣಿ ಚಿನ್ನದಲ್ಲಿ ಹೆಚ್ಚಿನ ಪಾಲು ಇಲ್ಲಿಂದಲೇ. ಇಲ್ಲಿ ಗಣಿ ನಡೆಸಿದ್ದ ನಿಜಾಮರ ಕಾಲದ ಕಂಪನಿ 1920ರ ಹೊತ್ತಿಗೆ ಅದನ್ನು ಕೈಬಿಟ್ಟಿತ್ತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹುಟ್ಟಿತು, ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಅದೇ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಆದರೆ ಇವರೆಲ್ಲರಿಗಿಂತ ಮೊದಲೇ ಯಾರೋ ಸುಮಾರು 190 ಮೀಟರ್ ಆಳದವರೆಗೆ ಇಳಿದಿದ್ದರು. ಹಳೆಯ ಗುಂಡಿಗಳಲ್ಲಿ ಸಿಕ್ಕ ಕಟ್ಟಿಗೆ ಸುಮಾರು 2,000 ವರ್ಷ ಹಿಂದಿನದು. ಬಂಡೆಗೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು, ಬಿರಿದ ಬಿಳಿಗಲ್ಲನ್ನು (ಚಿನ್ನವಿರುವ ಕಲ್ಲನ್ನು) ಒಡೆದು ಮೇಲೆ ಸಾಗಿಸಿ, ಕುಟ್ಟಿ ತೊಳೆಯುತ್ತಿದ್ದರು. ಟನ್ನು ಅದಿರಿಗೆ ಕೆಲವೇ ಗ್ರಾಂ ಚಿನ್ನ ಕೊಡುವ ಕಲ್ಲಿದು. ಆ ದುಡಿಮೆಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಗಣಿಯೊಳಗೆ ಪೂರ್ವಾನುಮತಿ ಇಲ್ಲದೆ ಬಿಡುವುದಿಲ್ಲ. ಕಾಲೇಜು ತಂಡವಾದರೆ ಸಂಸ್ಥೆಯ ಪತ್ರದೊಂದಿಗೆ ಸಾಕಷ್ಟು ಮೊದಲೇ ಬರೆದು, ಉತ್ತರ ಕೈಗೆ ಬಂದ ಮೇಲೆ ಹೊರಡಿ. ಉಳಿದವರು ಹಟ್ಟಿ ಕ್ಯಾಂಪಿನ ರಸ್ತೆಯಿಂದ ಕಾಣುವ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಮೇಲಿನ ಗೋಪುರವನ್ನು ನೋಡಿ ತೃಪ್ತಿಪಡಬೇಕು. ಗೇಟಿನ ಹತ್ತಿರ ಫೋಟೊ ತೆಗೆಯಬೇಡಿ. ಬೂದುಬಣ್ಣದ ಮಣ್ಣಿನ ದಿಬ್ಬ ಕಂಡರೆ ಮಕ್ಕಳನ್ನು ಹತ್ತಿಸಬೇಡಿ, ಅದು ಸೈನೈಡ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ಕುರುಚಲು ಗಿಡಗಳ ನಡುವೆ ಅಡ್ಡದಾರಿ ಹಿಡಿಯುವುದೂ ಬೇಡ. ಹಳೆಯ ಗುಂಡಿಯ ಬಾಯಿ ಗಿಡದಡಿ ಮುಚ್ಚಿಹೋಗಿರಬಹುದು.

ಮಧ್ಯಾಹ್ನ ಲಿಂಗಸುಗೂರಿನಲ್ಲಿ ರೊಟ್ಟಿ ಊಟ ಮುಗಿಸಿದರೆ ಮುದಗಲ್ಲಿನ ಕೋಟೆಗೆ ಸಂಜೆಯ ಬಿಸಿಲು ಸಿಗುತ್ತದೆ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿ, ಆದಿಲಶಾಹಿಗಳೂ ಪದೇ ಪದೇ ಕಾದಾಡಿದರು, ಕೋಟೆ ಕೈ ಬದಲಿಸುತ್ತಲೇ ಹೋಯಿತು. ಕಂದಕದ ಅಂಚಿನಲ್ಲಿ ಕಲ್ಲು ಸಡಿಲ, ಒಳಗಿನ ಗೋಡೆಯ ಪಕ್ಕದಲ್ಲೇ ನಡೆಯಿರಿ. ಮೊಹರಂ ದಿನಗಳಲ್ಲಿ ಊರು ಜನರಿಂದ ಕಿಕ್ಕಿರಿದು ಬಸ್ಸೂ ರೂಮೂ ಸಿಗುವುದಿಲ್ಲ. ಹಬ್ಬವನ್ನೇ ನೋಡಬೇಕೆಂದರೆ ಲಿಂಗಸುಗೂರಿನಲ್ಲಿ ವಸತಿ ಮೊದಲೇ ಗೊತ್ತುಮಾಡಿ. ಕೋಟೆ ಮಾತ್ರ ಸಾಕೆಂದರೆ ಆ ವಾರ ಬಿಟ್ಟು ಬನ್ನಿ.