ಹೊರಗಿಗಿಂತ ಒಳಗೇ ಚಳಿ: ಹಿತ್ತಲಿನ ಪಾಲಿಹೌಸ್‌ನ ಜನವರಿ ವರದಿ

ಕೊನೆಗೂ ಒಳಗಿನ ತಾಪಮಾಪಕ ಹೊರಗಿನದನ್ನು ಹಿಂದೆ ಹಾಕಿತು. ಇಂದು ಬೆಳಗಿನ ಜಾವದ ಕನಿಷ್ಠ ತಾಪಮಾನ ಹಿತ್ತಲಿನ ಬಯಲಲ್ಲಿ 12.8 ಡಿಗ್ರಿ, ಪಾಲಿಹೌಸ್ (ಪ್ಲಾಸ್ಟಿಕ್ ಶೀಟು ಹೊದಿಸಿದ ಗಿಡಮನೆ) ಒಳಗೆ 14.7. ಎರಡು ಡಿಗ್ರಿಯೂ ಇಲ್ಲದ ವ್ಯತ್ಯಾಸಕ್ಕೆ ಇಷ್ಟು ಸಂಭ್ರಮವೇ ಎನ್ನುವವರು ಡಿಸೆಂಬರ್ ತಿಂಗಳ ನನ್ನ ನೋಟ್‌ಬುಕ್ ನೋಡಬೇಕು. ಹೊರಗೆ 12.5, ಒಳಗೆ 11.4 ಎಂಬಂಥ ಸಾಲುಗಳೇ ಅದರ ತುಂಬ. ಪೈಪು ನಿಲ್ಲಿಸಿ, ಶೀಟು ಹೊದಿಸಿ, ದುಡ್ಡು ಸುರಿದು ಕಟ್ಟಿದ್ದು ಧಾರವಾಡದ ಬಯಲಿಗಿಂತ ತಣ್ಣಗಿರುವ ಒಂದು ಕೋಣೆಯನ್ನು.

ಚೌಕಟ್ಟು, ಡ್ರಿಪ್ (ಹನಿ ನೀರಾವರಿ), ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತೊಳೆಯುವ ಪುರಾಣ ನಿಮಗೆಲ್ಲ ಗೊತ್ತಿರುವುದೇ, ಬಿಡುತ್ತೇನೆ. 12ಕ್ಕೆ 20 ಅಡಿ ಅಳತೆ, ಬಿಸಿಲು ತಾಳುವ 200 ಮೈಕ್ರಾನ್ ಯು.ವಿ. ಶೀಟು, ಎರಡೂ ಬದಿಗೆ ಸುತ್ತಿ ಏರಿಸುವ ಪರದೆ. ಹೀಟರ್ ಇಲ್ಲ, ಮುಂದೆಯೂ ಇಡುವುದಿಲ್ಲ; ವಿದ್ಯುತ್ ಬಿಲ್ಲಿನಿಂದ ಬೆಳೆಯುವುದಾದರೆ ಸೂಪರ್ ಮಾರ್ಕೆಟ್‌ಗೆ ಹೋಗುವುದೇ ಅಗ್ಗ. ಮಳೆ ನಿಂತ ಮೇಲೆ ನೆಟ್ಟ ದೊಣ್ಣೆ ಮೆಣಸಿನ ಗಿಡಗಳು ನವೆಂಬರ್‌ವರೆಗೆ ಚೆನ್ನಾಗಿಯೇ ಇದ್ದವು. ಡಿಸೆಂಬರ್‌ನಲ್ಲಿ ಕಟ್ಟಿದ ಕಾಯಿಗಳು ಮಾತ್ರ ಕುಳ್ಳಗೆ, ಚಪ್ಪಟೆಯಾಗಿ, ಯಾರೋ ಮೇಲಿನಿಂದ ಒತ್ತಿದ ಹಾಗೆ ಬಂದವು. ಕೊಯ್ದರೆ ಒಳಗೆ ಬೀಜವಿಲ್ಲ. ಶೇಂಗಾ ಪುಡಿ ತುಂಬಿ ಪಲ್ಯ ಮಾಡಲು ಇವುಗಳಲ್ಲಿ ಜಾಗವೇ ಇಲ್ಲವೆಂದು ಅಡುಗೆಮನೆಯಿಂದ ತೀರ್ಪು ಬಂತು. ರಾತ್ರಿಯ ತಾಪಮಾನ 15-16 ಡಿಗ್ರಿಗಿಂತ ಕೆಳಗೇ ಉಳಿದರೆ ಈ ಗಿಡದ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಬೀಜ ಕಟ್ಟದಿದ್ದರೂ ಕಾಯಿ ಊದಿಕೊಳ್ಳುತ್ತದೆ, ಆಕಾರ ಮಾತ್ರ ಬರುವುದಿಲ್ಲ. ಹಗಲು 30 ಡಿಗ್ರಿ ಇದ್ದರೂ ಅದು ರಾತ್ರಿಯ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಚಳಿಯನ್ನಾದರೂ ಒಪ್ಪಿಕೊಳ್ಳಬಹುದಿತ್ತು. ಹೊರಗಿಗಿಂತ ಒಳಗೆ ಹೆಚ್ಚು ಚಳಿ ಏಕೆ ಎಂಬುದೇ ತಲೆ ಕೊರೆಯುತ್ತಿತ್ತು. ಮೊದಲು ಉಪಕರಣಗಳ ಮೇಲೆ ಅನುಮಾನ. ಎರಡನ್ನೂ ಅದಲುಬದಲು ಮಾಡಿದರೂ ಅದೇ ಕಥೆ. ಹೊರಗಿನದು ಕಾಂಪೌಂಡ್ ಗೋಡೆಗೆ ಅಂಟಿಕೊಂಡಿತ್ತು, ಹಗಲಿನ ಬಿಸಿ ಗೋಡೆಯಿಂದ ಬರುತ್ತಿರಬಹುದೆಂದು ಬಯಲಿಗೆ ಸರಿಸಿ, ಎರಡಕ್ಕೂ ಮೇಲೊಂದು ಬಿಳಿ ತಟ್ಟೆ ಕಟ್ಟಿದೆ. ವ್ಯತ್ಯಾಸ ಕಡಿಮೆಯಾಯಿತು, ಅಳಿಯಲಿಲ್ಲ.

ಕಾರಣ ಶೀಟಿನಲ್ಲಿಯೇ ಇದೆ. ಗಾಜು ಬಿಸಿಲನ್ನು ಒಳಗೆ ಬಿಟ್ಟರೂ ನೆಲ ಮತ್ತು ಎಲೆ ಹೊರಸೂಸುವ ಉದ್ದ ಅಲೆಗಳ ಶಾಖವನ್ನು ತಡೆಯುತ್ತದೆ. ನನ್ನ ಶೀಟಿನಂಥ ಸಾದಾ ಪಾಲಿಥಿನ್ ತಡೆಯುವುದಿಲ್ಲ. ಜರಡಿಯಲ್ಲಿ ನೀರು ಹಿಡಿದಂತೆ, ಆ ಶಾಖದ ಬಹುಪಾಲು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಮೋಡವಿಲ್ಲದ, ಗಾಳಿ ನಿಂತ, ಒಣಗಿದ ರಾತ್ರಿಯ ಆಕಾಶ ನಮ್ಮ ಸುತ್ತಲಿನ ಗಾಳಿಗಿಂತ ಬಹಳ ತಣ್ಣಗಿರುತ್ತದೆ. ಬಯಲಿನಲ್ಲಾದರೂ ಅಷ್ಟಿಷ್ಟು ಗಾಳಿ ಸುಳಿದು ಮೇಲಿನ ಬೆಚ್ಚನೆಯ ಪದರವನ್ನು ಕೆಳಗೆ ತರುತ್ತದೆ. ಪರದೆ ಇಳಿಸಿದ ಪಾಲಿಹೌಸ್‌ಗೆ ಆ ಭಾಗ್ಯವೂ ಇಲ್ಲ. ಇದೇ ತಣಿಯುವಿಕೆಯಿಂದ ಬಿದ್ದ, ಎಲೆಯ ಹುಳಿ ಬೆರೆತ ಇಬ್ಬನಿಯನ್ನು ನಮ್ಮ ಎರೆಭೂಮಿಯ ರೈತರು ಕಡಲೆ ಗಿಡಗಳ ಮೇಲೆ ಬಟ್ಟೆ ಹಾಸಿ ಹಿಂಡಿ ಹುಳಿ ಮಾಡಿಕೊಳ್ಳುತ್ತಾರೆ. ನನಗೆ ಹುಳಿಯೂ ಸಿಗಲಿಲ್ಲ.

ನೋಟ್‌ಬುಕ್‌ನಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಬೆಳಿಗ್ಗೆ ಶೀಟಿನ ಒಳಮೈ ಒದ್ದೆಯಾಗಿದ್ದ ದಿನಗಳಲ್ಲಿ ಒಳಗೆ ಅಷ್ಟು ಚಳಿ ಇರಲಿಲ್ಲ. ಸಂಜೆ ಪರದೆ ಏರಿಸಿ ತೇವಾಂಶವನ್ನು ಹೊರಗಟ್ಟಿದ ದಿನಗಳೇ ಅತಿ ತಣ್ಣಗೆ. ನೀರಿನ ತೆಳು ಪದರ ಆ ಶಾಖವನ್ನು ಹೀರಿ ತಡೆಯುತ್ತದೆ, ಶೀಟು ಮಾಡದ ಕೆಲಸವನ್ನು ನೀರು ಮಾಡುತ್ತದೆ. ಹಾಗೆಂದು ತೇವ ಬಿಟ್ಟುಕೊಂಡರೆ ಹೂವಿನ ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ಬೆಚ್ಚಗಿಟ್ಟರೆ ರೋಗ, ಒಣಗಿಸಿದರೆ ಚಳಿ. ಇಲ್ಲಿಯೇ ತಿಂಗಳ ಬಹುಪಾಲು ಹೋಯಿತು.

ಎಲ್ಲರೂ ಮೊದಲು ಹೇಳುವುದು ಹಗಲು ಕಾದು ರಾತ್ರಿ ಶಾಖ ಬಿಡುವ ನೀರಿನ ಡ್ರಮ್. ಲೆಕ್ಕ ಹಾಕಿ ನೋಡಿ. 200 ಲೀಟರ್ ನೀರು 10 ಡಿಗ್ರಿ ತಣಿದರೆ ಬಿಡುವ ಶಾಖ ವಿದ್ಯುತ್ ಲೆಕ್ಕದಲ್ಲಿ ಸುಮಾರು 2.3 ಯೂನಿಟ್. ನನ್ನ ಅಳತೆಯ ಮನೆಯನ್ನು ಹೊರಗಿಗಿಂತ ಬರೀ ಒಂದು ಡಿಗ್ರಿ ಬೆಚ್ಚಗಿಡಲು ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ಬೇಕು. ಡ್ರಮ್ ನಿಜವಾಗಿ 10 ಡಿಗ್ರಿ ತಣಿಯುವುದೂ ಇಲ್ಲ. ಗಿಡಗಳ ನೆರಳಿನಲ್ಲಿಟ್ಟರೆ ಹಗಲು ಕಾಯುವುದೂ ಇಲ್ಲ. ಕಪ್ಪು ಬಣ್ಣ ಬಳಿದು ದಕ್ಷಿಣದ ಅಂಚಿಗೆ ಸಾಲಾಗಿ ಇಡಬೇಕು. ಹಳೆಯ ಡ್ರಮ್ ಮಾರುವ ಅಂಗಡಿಯಾತ "ತೊಳೆದೇ ಕೊಟ್ಟಿದ್ದೇವೆ ಸರ್" ಎಂದು ಆಣೆ ಮಾಡಿದ. ಮುಚ್ಚಳ ತೆಗೆದಾಗ ಬಂದ ವಾಸನೆಗೆ ಪಕ್ಕದ ಮನೆಯ ನಾಯಿ ಜಾಗ ಬಿಟ್ಟಿತು. ಆಹಾರ ಪದಾರ್ಥ ತುಂಬಿದ್ದ ಡ್ರಮ್ ಎಂದು ಒತ್ತಿ ಕೇಳಿ, ಮೂಸಿ ನೋಡಿಯೇ ತನ್ನಿ.

ಪಕ್ಕದ ಮನೆಯ ಕಾಕು ಮೊದಲ ದಿನವೇ ಹೇಳಿದ್ದರು: "ಗಿಡಕ್ಕೊಂದು ಕೌದಿ ಹೊದಿಸಿಬಿಡು." ಎಲ್ಲರೂ ನಕ್ಕೆವು. ಆದರೆ ಹಳೆಯ ಹತ್ತಿ ಸೀರೆಯನ್ನು ಗಿಡಗಳ ಮೇಲೆ ಚಪ್ಪರದಂತೆ ಕಟ್ಟಿದ ರಾತ್ರಿ ಒಳಗಿನ ಕನಿಷ್ಠ ಮೊದಲ ಬಾರಿಗೆ ಹೊರಗಿನದರ ಸಮಕ್ಕೆ ಬಂತು. ಎಲೆಗೂ ಆಕಾಶಕ್ಕೂ ನಡುವೆ ಶಾಖ ದಾಟದ ಒಂದು ಅಡ್ಡ ಬೇಕಿತ್ತು, ಅಷ್ಟೇ. ಸೀರೆಯ ತೊಂದರೆಯೆಂದರೆ ಶೀಟಿನಿಂದ ತೊಟ್ಟಿಕ್ಕಿದ ನೀರನ್ನೆಲ್ಲ ಕುಡಿದು ಬೆಳಗಾಗುವಷ್ಟರಲ್ಲಿ ಗಿಡಗಳ ಮೇಲೆ ಜೋತುಬೀಳುತ್ತದೆ.

ಹೀಗೆ ಅಲ್ಯುಮಿನಿಯಂ ಪಟ್ಟಿ ನೇಯ್ದ ಬೆಳ್ಳಿ ನೆಟ್‌ಗೆ ಬಂದೆ. ಹೊಳೆಯುವ ಲೋಹ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ತಾನೂ ಹೆಚ್ಚು ಹೊರಸೂಸುವುದಿಲ್ಲ. ನೇಯ್ಗೆಯ ಸಂದಿನಿಂದ ತೇವಾಂಶ ಮೇಲೆ ಹೋಗಿ ಶೀಟಿಗೆ ಅಂಟುತ್ತದೆ, ಎಲೆ ಒಣಗಿರುತ್ತದೆ. ಬೂಷ್ಟು ಮತ್ತು ಚಳಿಯ ಜಗಳ ಇಲ್ಲಿ ಬಗೆಹರಿಯಿತು. ತರಿಸಿಕೊಳ್ಳುವ ಕಥೆ ಬೇರೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಹಸಿರು ನೆರಳುಬಲೆ ತೋರಿಸಿ "ಎಲ್ಲಾ ಒಂದೇ ಸರ್, ಬಣ್ಣ ಮಾತ್ರ ಬೇರೆ" ಎಂದ. ಇನ್ನೊಬ್ಬ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಕಳಿಸಿದ. ನಿಜವಾದದ್ದು ಇದ್ದವನ ಬಳಿ ಇಡೀ ರೋಲ್‌ಗಿಂತ ಕಡಿಮೆ ಇಲ್ಲ. ಪಾರ್ಸೆಲ್ ಆಫೀಸಿನಲ್ಲಿ ಅದು ಒಂದು ವಾರ ಹಾಯಾಗಿ ಮಲಗಿತ್ತು.

ನೆಟ್ ಅನ್ನು ಗಿಡಗಳ ಮೇಲೆ ಸಮತಟ್ಟಾಗಿ ಅಡ್ಡ ಎಳೆದಾಗ ಮತ್ತೆ ಕಿರಿಕಿರಿ. ನಡುವೆ ಜೋತು, ಹನಿ ನಿಂತು, ಲೋಹದ ಮೇಲೆ ನೀರಿನ ಪದರ ಕೂತಿತು. ಒದ್ದೆಯಾದ ಹೊಳಪಿಗೆ ಬೆಲೆಯಿಲ್ಲ. ಹೀರಿದ ಶಾಖವನ್ನು ನೀರು ಧಾರಾಳವಾಗಿ ಹೊರಸೂಸುತ್ತದೆ. ಪರಿಹಾರ: ಪಾಲಿಯೆಸ್ಟರ್ ತಂತಿಗಳನ್ನು ಒತ್ತಾಗಿ ಬಿಗಿದು, ನೆಟ್‌ಗೆ ಒಂದು ಬದಿಗೆ ಒಂದೂವರೆ ಅಡಿ ಇಳಿಜಾರು ಕೊಟ್ಟು, ಕೆಳ ಅಂಚಿಗೆ ಸೀಳಿದ ಪಿ.ವಿ.ಸಿ. ಪೈಪನ್ನು ದೋಣಿಯಾಗಿ ಕಟ್ಟಿದ್ದು. ಸಂಜೆ ನಾಲ್ಕರ ಸುಮಾರಿಗೆ ಬದಿಯ ಪರದೆ ಇಳಿಸುವುದು, ಸೂರ್ಯ ಮುಳುಗುವ ಮೊದಲು ನೆಟ್ ಎಳೆಯುವುದು, ಬಿಸಿಲು ಬಿದ್ದ ಕೂಡಲೇ ಸರಿಸುವುದು. ಒಮ್ಮೆಲೇ ಪೂರ್ತಿ ಸರಿಸಿದರೆ ಮೇಲೆ ಸಿಕ್ಕಿಬಿದ್ದ ತಣ್ಣನೆಯ ಗಾಳಿ ಗಿಡಗಳ ಮೇಲೆ ಇಳಿಯುತ್ತದೆ. ಆದ್ದರಿಂದ ಮೊದಲು ಒಂದು ಗೇಣು ಸಂದು, ಆಮೇಲೆ ಪೂರ್ತಿ.

ಈ ತಂತಿಗಳನ್ನು ನೋಡುವಾಗಲೆಲ್ಲ ಸೇವಂತಿಗೆ ನೆನಪಾಗುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಮ್ಮಲ್ಲಿ ಹಗಲು ಸುಮಾರು 11 ಗಂಟೆ 10 ನಿಮಿಷ. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಅದೇ ತಂತಿಗೆ ಬಲ್ಬು ತೂಗಿಸಿ, ರಾತ್ರಿ 10ರಿಂದ 2ರವರೆಗೆ ಬೆಳಕು ಕೊಟ್ಟರೆ ಗಿಡ ಬರೀ ಬೆಳೆಯುತ್ತಿರುತ್ತದೆ. ಜನವರಿಯಲ್ಲಿ ಬಲ್ಬು ಆರಿಸಿದರೆ ಯುಗಾದಿಯ ಹೊತ್ತಿಗೆ ಹೂವು. ಮುಂದಿನ ವರ್ಷ ಅರ್ಧ ಮನೆ ಅದಕ್ಕೆ. ನಡುರಾತ್ರಿ ಹಿತ್ತಲಲ್ಲಿ ದೀಪ ಉರಿಯುವುದನ್ನು ಕಾಕು ಏನೆಂದುಕೊಳ್ಳುತ್ತಾರೋ, ಅದು ಆಗಿನ ಚಿಂತೆ.

ಈಗಿನ ಚಿಂತೆ 14.7. ನನಗೆ ಬೇಕಿರುವುದು 16. ಬಾಗಿಲಿನ ಕೆಳಗೆ ಬೆರಳು ಹೋಗುವಷ್ಟು ಸಂದಿದೆ, ಅದಕ್ಕೆ ರಬ್ಬರ್ ಪಟ್ಟಿ ಈ ಭಾನುವಾರ. ಬದಿಯ ಗೋಡೆಗಳಿಗೆ ಒಳಗಿನಿಂದ ಎರಡನೆಯ ಪದರ ಶೀಟು ಅದರ ಮುಂದಿನ ವಾರ. ನೆಟ್ ಹಾಕಿದ ಮೇಲೆ ಅರಳಿದ ಹೂಗಳಿಗೆ ಕೆಂಪು ದಾರ ಕಟ್ಟಿದ್ದೇನೆ. ಆ ಕಾಯಿಗಳನ್ನು ಕೊಯ್ದು ಬೀಜ ಎಣಿಸಿದಾಗ ಬರೆಯುತ್ತೇನೆ. ರೋಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ನೆಟ್ ಉಳಿದಿದೆ. ಧಾರವಾಡ, ಹುಬ್ಬಳ್ಳಿಯಲ್ಲಿ ಯಾರಿಗಾದರೂ ಬೇಕಿದ್ದರೆ ಕೊಂಡ ಬೆಲೆಗೇ ಕತ್ತರಿಸಿ ಕೊಡುತ್ತೇನೆ, ಕತ್ತರಿ ನೀವೇ ತನ್ನಿ. ನನ್ನದು ತಂತಿ ಕತ್ತರಿಸಿ ಮೊಂಡಾಗಿದೆ.