ಎಷ್ಟರಲ್ಲಿ ಎಷ್ಟು, ಅತ್ತೆ?

ಅರ್ಥಶಾಸ್ತ್ರ ಅಂದರೆ ಬಜೆಟ್ಟು, ಬ್ಯಾಂಕು, ಬೆಲೆ ಏರಿಕೆ ಅಂದುಕೊಂಡು ಎಂ.ಎ. ಕಟ್ಟಿದವರಿಗೆಲ್ಲ ಒಂದು ಪೇಪರ್ ಕಾದು ಕೂತಿರುತ್ತದೆ. ಸಂಖ್ಯಾಶಾಸ್ತ್ರ. ಉಳಿದ ಪೇಪರುಗಳಲ್ಲಿ ಅಷ್ಟೇನೂ ಗೊತ್ತಿಲ್ಲದಿದ್ದರೂ ಪುಟ ತುಂಬಿಸಬಹುದು. ಪಂಚವಾರ್ಷಿಕ ಯೋಜನೆ ಅಂತ ಶುರು ಮಾಡಿದರೆ ಕೈ ತಾನಾಗಿ ಓಡುತ್ತದೆ. ಇಲ್ಲಿ ಆ ಆಟ ನಡೆಯೋದಿಲ್ಲ. ಲೆಕ್ಕ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಾನು ಓದುತ್ತಿದ್ದದ್ದು ದೂರಶಿಕ್ಷಣದಲ್ಲಿ. ವಾರವಿಡೀ ಕೆಲಸ, ಪುಸ್ತಕ ಬಿಚ್ಚಲು ಸಿಗುತ್ತಿದ್ದದ್ದು ಭಾನುವಾರ. ಪರೀಕ್ಷೆ ಸೋಮವಾರ ಶಿವಮೊಗ್ಗದಲ್ಲಿ. ಹಿಂದಿನ ದಿನ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಪುಸ್ತಕ ಹರಡಿಕೊಂಡು ಕೂತೆ. ಸೂತ್ರಗಳೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಯಾವ ಲೆಕ್ಕಕ್ಕೆ ಯಾವ ಸೂತ್ರ ಅನ್ನೋದೇ ತಲೆನೋವು.

ಜೂನ್ ಕೊನೆ. ‘ಆರಿದ್ರಾ ಮಳೆ ಆರದೆ ಹುಯ್ಯುತ್ತೆ’ ಅನ್ನೋ ಮಾತಿಗೆ ಒಂಚೂರೂ ಮೋಸ ಮಾಡದೆ ಮಳೆ ಹೊಡೆಯುತ್ತಿತ್ತು. ಎಲ್ಲೋ ಮರ ಬಿದ್ದು ಬೆಳಿಗ್ಗೆಯೇ ಕರೆಂಟ್ ಹೋಗಿತ್ತು. ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ಅಣ್ಣನ ಮಗಳು ಸೆಕೆಂಡ್ ಪಿಯು ಸೈನ್ಸ್ ಓದುತ್ತಾಳೆ. ಮೊಬೈಲ್ ಸತ್ತ ಮೇಲೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಬಂದು ನನ್ನ ಪಕ್ಕ ಕೂತಳು.

“ಅಯ್ಯೋ ಅತ್ತೆ, ಇದರಲ್ಲಿ ಅರ್ಧ ನಮಗೂ ಇದೆ. ಮೀನ್, ವೇರಿಯನ್ಸ್ ಎಲ್ಲ ಫಸ್ಟ್ ಪಿಯುನಲ್ಲೇ ಮುಗೀತು. ಪ್ರಾಬಬಿಲಿಟಿ ಈ ವರ್ಷ ಬರುತ್ತೆ.”

ಎಂ.ಎ. ಓದುವವಳಿಗೆ ಪಿಯು ಹುಡುಗಿ ಪಾಠ ಹೇಳಬೇಕಾ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ನಾಳೆ ಪರೀಕ್ಷೆ, ಬಿಗುಮಾನ ಇಟ್ಟುಕೊಂಡು ಎಂತ ಮಾಡೋದು? ಪೆನ್ಸಿಲ್ ಅವಳ ಕೈಗೇ ಕೊಟ್ಟೆ.

ಅಷ್ಟರಲ್ಲಿ ಅಪ್ಪಯ್ಯ ಕೊಡೆ ಹಿಡಿದು ಅಂಗಳಕ್ಕೆ ಇಳಿದರು. ಅಂಗಳದ ಮೂಲೆಯಲ್ಲಿ ಅವರ ಮಳೆಮಾಪಕ ಇದೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಈ ಅಭ್ಯಾಸ ಉಂಟು. ಬೆಳಿಗ್ಗೆ ಎಂಟೂವರೆಗೆ ನೀರನ್ನು ಗಾಜಿನ ಅಳತೆಯ ಲೋಟಕ್ಕೆ ಸುರಿದು, ಹೆಗಲ ಮೇಲಿನ ಟವೆಲ್ಲಿನಿಂದ ಹೊರಗಿನ ಹನಿ ಒರೆಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ನೀರು ಗಾಜಿನ ಅಂಚಿನಲ್ಲಿ ತುಸು ಏರಿ, ನಡುವೆ ತಗ್ಗಿರುತ್ತದೆ. ಆ ತಗ್ಗನ್ನೇ ಓದಬೇಕು, ಅಂಚನ್ನಲ್ಲ. ಆಮೇಲೆ ಒಳಗೆ ಬಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು, ಮಿ.ಮೀ. ಬರೆದು ಕೆಳಗೆ ಗೆರೆ ಎಳೆಯುತ್ತಾರೆ.

ಆ ನೋಟ್‌ಬುಕ್ ನೋಡಿದ್ದೇ ಹುಡುಗಿಗೆ ಹುರುಪು ಬಂತು. “ಅಜ್ಜ, ಇದರ ಸರಾಸರಿ ತೆಗೀಲಾ?”

“ತೆಗೀಬಹುದು. ತೆಗೆದು ಎಂತ ಮಾಡ್ತೀಯ?” ಅಂದರು ಅಪ್ಪಯ್ಯ. “ಸರಾಸರಿ ಮಳೆಗೆ ಕೊಳೆರೋಗ ಬರೋದಿಲ್ಲ ಮಾರಾಯ್ತಿ. ಬಿಡದೆ ಹಿಡಿದು ಹೊಡೆಯೋ ಮಳೆಗೆ ಬರೋದು.”

ಕೊಳೆರೋಗ ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಲವತ್ತು ನಲವತ್ತೈದು ದಿನದ ನಂತರ ಇನ್ನೊಮ್ಮೆ. ಆ ಎರಡನೇ ಸಲಕ್ಕೆ ಮಳೆ ಬಿಟ್ಟು ನಾಲ್ಕು ದಿನ ಹೊಳವು ಸಿಗುತ್ತದೋ ಇಲ್ಲವೋ ಅನ್ನೋದರ ಮೇಲೆ ಫಸಲು ನಿಂತಿದೆ. ತಿಂಗಳ ಸರಾಸರಿ ಇದನ್ನು ಹೇಳುವುದೇ ಇಲ್ಲ.

ಅವಳು ನನ್ನ ರಫ್ ಹಾಳೆಯಲ್ಲಿ ಎರಡು ಸಾಲು ಬರೆದಳು. ಒಂದು ಊರಲ್ಲಿ ಐದು ದಿನದ ಮಳೆ 40, 42, 38, 41, 39. ಇನ್ನೊಂದರಲ್ಲಿ 0, 0, 200, 0, 0. ಎರಡರ ಸರಾಸರಿಯೂ 40. ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ, ತೆಗೆದೆವು. ಮೊದಲನೆಯದರಲ್ಲಿ ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗ ಕೂಡಿದರೆ 10, ಐದರಿಂದ ಭಾಗಿಸಿದರೆ 2, ವರ್ಗಮೂಲ 1.41. ಎರಡನೆಯದರಲ್ಲಿ ಕೂಡಿದರೆ 32,000, ಭಾಗಿಸಿದರೆ 6,400, ವರ್ಗಮೂಲ ಸರಿಯಾಗಿ 80. ಸರಾಸರಿಗಿಂತ ಚದುರುವಿಕೆಯೇ ಇಮ್ಮಡಿ! ಚದುರುವಿಕೆ ಸರಾಸರಿಯ ನೂರಕ್ಕೆ ಎಷ್ಟು ಅಂತ ಹೇಳುವ ವಿಚಲನಾ ಗುಣಾಂಕ ನೂರಕ್ಕೆ ಇನ್ನೂರು ಬರುತ್ತಾ ಅಂತ ನನಗೆ ಮೊದಲೆಲ್ಲ ಅನುಮಾನವಿತ್ತು. ಬರುತ್ತದೆ. ಇಲ್ಲೇ ಬಂತಲ್ಲ.

“ಐದರಿಂದ ಭಾಗಿಸಬೇಕಾ, ನಾಲ್ಕರಿಂದಲಾ?” ನನ್ನ ಪುಸ್ತಕ ಒಂದು ಪುಟದಲ್ಲಿ ಎನ್, ಅಂದರೆ ಒಟ್ಟು ಎಷ್ಟು ಅಂಕಿಯೋ ಅಷ್ಟು, ಅನ್ನುತ್ತಿತ್ತು, ಇನ್ನೊಂದರಲ್ಲಿ ಎನ್ ಮೈನಸ್ ಒಂದು. ಯಾಕೆ ಅಂತ ಬರೆದಿರಲಿಲ್ಲ. ಕೈಲಿರುವ ಐದೇ ದಿನ ನಮ್ಮ ಪೂರ್ತಿ ವಿಷಯ ಆಗಿದ್ದರೆ ಐದರಿಂದ. ಆ ಐದು ದಿನ ಇಡೀ ಮಳೆಗಾಲದ ಒಂದು ಮಾದರಿ ಮಾತ್ರ ಆಗಿದ್ದು, ಅದರಿಂದ ಮಳೆಗಾಲದ ಚದುರುವಿಕೆಯನ್ನು ಅಂದಾಜು ಮಾಡುವುದಿದ್ದರೆ ನಾಲ್ಕರಿಂದ. ಯಾಕೆಂದರೆ ಆಗ ನಿಜವಾದ ಸರಾಸರಿ ನಮಗೆ ಗೊತ್ತಿಲ್ಲ. ಅದೇ ಐದು ಅಂಕಿಗಳಿಂದ ತೆಗೆದ ಸರಾಸರಿಗೆ ಅವು ಸಹಜವಾಗಿಯೇ ಹತ್ತಿರ ಇರುತ್ತವೆ, ಚದುರುವಿಕೆ ಕಡಿಮೆ ಕಾಣುತ್ತದೆ. ನಾಲ್ಕರಿಂದ ಭಾಗಿಸಿ ಆ ಕೊರತೆ ತುಂಬಿಸುವುದು.

ನಮ್ಮ ಜಿಲ್ಲೆಯ ಸರಾಸರಿ ಮಳೆ ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ನಗು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ನಡುವೆ ಬಸ್ಸಿನಲ್ಲಿ ಮೂರು ತಾಸಿನೊಳಗಿನ ದಾರಿ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಮಳೆ ಆ ಎರಡು ಊರಲ್ಲಿ ಎಲ್ಲೂ ಬೀಳೋದಿಲ್ಲ.

ಮಧ್ಯಾಂಕಕ್ಕೆ ಬಂದಾಗ ಅಪ್ಪಯ್ಯ ಅಡಿಕೆ ಮಾರಿದ ಮಂಡಿ ಚೀಟಿಗಳ ಕಟ್ಟು ಹೊರಗೆ ಬಂತು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾವೇ ಇಟ್ಟುಕೊಂಡೆವು. ಕ್ವಿಂಟಾಲಿಗೆ ಸಾವಿರ ರೂಪಾಯಿ ಲೆಕ್ಕದಲ್ಲಿ ರಾಶಿ ಅನ್ನೋ ದರ್ಜೆಯ ಅಡಿಕೆಗೆ 48, 48, 49, 50, ಕೊನೆಯದು ಸರಕು ಅನ್ನೋ ದುಬಾರಿ ದರ್ಜೆ, 80. ಸರಾಸರಿ 55. ಆದರೆ ಐದರಲ್ಲಿ ನಾಲ್ಕು ಚೀಟಿಗೆ 55 ಸಿಕ್ಕೇ ಇಲ್ಲ! ಸಾಲಾಗಿ ಇಟ್ಟಾಗ ನಡುವೆ ಬರುವ ಮಧ್ಯಾಂಕ 49, ಹೆಚ್ಚು ಸಲ ಬರುವ ಬಹುಲಕ 48. ಸರಕಿನ ಒಂದೇ ಚೀಟಿ ಸರಾಸರಿಯನ್ನು ಮೇಲಕ್ಕೆ ಎಳೆದುಬಿಟ್ಟಿದೆ.

“ಸರಕು ಎಷ್ಟು ಇತ್ತು ಅಂತ ಕೇಳ್ದೆ ಇದೆಂತ ಲೆಕ್ಕ ನಿಮ್ಮದು?” ಅಂದರು ಅಪ್ಪಯ್ಯ. “ರಾಶಿ ಒಂಬತ್ತು ಕ್ವಿಂಟಾಲ್, ಸರಕು ಒಂದು ಕ್ವಿಂಟಾಲ್. ಐವತ್ತು, ಎಂಬತ್ತು ಕೂಡಿಸಿ ಅರ್ಧ ಮಾಡಿದ್ರೆ ಅರವತ್ತೈದು ಬರುತ್ತೆ. ನನ್ನ ಕೈಗೆ ಅಷ್ಟು ಬಂತಾ?”

ಬರಲಿಲ್ಲ. ಒಂಬತ್ತು ಐವತ್ತು ನಾಲ್ಕುನೂರ ಐವತ್ತು, ಅದಕ್ಕೆ ಎಂಬತ್ತು ಸೇರಿಸಿ ಹತ್ತರಿಂದ ಭಾಗಿಸಿದರೆ 53. ನನ್ನ ಪುಸ್ತಕದಲ್ಲಿ ಭಾರಿತ ಸರಾಸರಿ ಅಂತ ಎರಡು ಪುಟ ಎಳೆದದ್ದು ಇದನ್ನೇ. ಹುಡುಗಿ ಹಾಳೆಯ ಅಂಚಿನಲ್ಲಿ ದೊಡ್ಡದಾಗಿ ‘ಎಷ್ಟರಲ್ಲಿ?’ ಅಂತ ಬರೆದು ಸುತ್ತ ಗೆರೆ ಎಳೆದಳು. ಆಮೇಲೆ ಪ್ರತಿ ಲೆಕ್ಕಕ್ಕೂ ಅದನ್ನು ತೋರಿಸಿ ನನ್ನ ಪ್ರಾಣ ತಿಂದಳು.

ಮಾದರಿ ಆಯ್ಕೆ ಬೇಗ ಮುಗಿಯಿತು. ಚೀಲದ ಮೇಲುಗಡೆ ಒಳ್ಳೆ ಅಡಿಕೆ ಹಾಕಿಟ್ಟರೆ, ಮೇಲಿನ ಹಿಡಿಯನ್ನಷ್ಟೇ ನೋಡಿದವನು ಮೋಸ ಹೋಗುತ್ತಾನೆ. ಅಂದಾಜಿನಲ್ಲಿ ಆಗುವ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಮಾಡಬೇಕು, ಸೂತ್ರದಲ್ಲಿ ಕೆಳಗೆ ಮಾದರಿಯ ಸಂಖ್ಯೆಯ ವರ್ಗಮೂಲ ಇರುವುದರಿಂದ. ಎರಡು ಸಂಗತಿ ಒಟ್ಟಿಗೆ ಏರಿಳಿಯುವ ಸಹಸಂಬಂಧ ಇನ್ನೂ ಬೇಗ. ಕೊಡೆ ಜಾಸ್ತಿ ಮಾರಾಟವಾದ ವರ್ಷ ಕೊಳೆರೋಗವೂ ಜಾಸ್ತಿ ಇರಬಹುದು, ಹಾಗಂತ ಕೊಡೆ ರೋಗ ತರೋದಿಲ್ಲ.

ಟಿಪ್ಪಣಿ ಬರೆಯುವ ಪ್ರಶ್ನೆಗೆ ಮಹಲನೋಬಿಸ್ ಬರುತ್ತಾರೆ. 1931ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದವರು, ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿದವರು. ಅವರು ಹುಟ್ಟಿದ ಜೂನ್ 29ನ್ನೇ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸುತ್ತಾರೆ. ನಾವು ಓದುತ್ತಿದ್ದದ್ದು ಅದೇ ತಾರೀಕು, ಸುಮ್ನೆ ಕೂಡಿ ಬಂದದ್ದು. ಅವರ ಸಂಸ್ಥೆಯಲ್ಲಿ ಬೆಳೆದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಹುದು ಅಂತ ಹೇಳುವ, ಕ್ರೇಮರ್–ರಾವ್ ಮಿತಿ ಅಂತ ಜಗತ್ತೆಲ್ಲ ಓದುವ ಸಂಗತಿಯನ್ನು 1945ರಲ್ಲಿ ಪ್ರಕಟಿಸಿದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷ ತೀರಿಕೊಂಡರು. “ಹಡಗಲಿಯವರಾ!” ಅಂತ ಹುಡುಗಿ ಎರಡು ಸಲ ಕೇಳಿದಳು. ಅವಳ ಪಠ್ಯದಲ್ಲಿ ಇದಿಲ್ಲವಂತೆ. ಇರಬೇಕಿತ್ತು.

ಮಧ್ಯಾಹ್ನ ಊಟವಾದ ಮೇಲೆ ಸಂಭವನೀಯತೆ. ಸ್ವತಂತ್ರ ಘಟನೆ, ಪರಸ್ಪರ ವರ್ಜಕ ಘಟನೆ ಎರಡೂ ಒಂದೇ ಅಂತ ತುಂಬಾ ಜನ ತಿಳಿದಿರುತ್ತಾರೆ. ಒಂದೇ ಅಲ್ಲ, ಹೆಚ್ಚುಕಡಿಮೆ ವಿರುದ್ಧ. ಒಂದು ನಾಣ್ಯ ಚಿಮ್ಮಿದಾಗ ರಾಜ ಬಿದ್ದರೆ ರಾಣಿ ಬೀಳಲಾರದು. ಅಂದರೆ ಒಂದರ ಸುದ್ದಿ ಇನ್ನೊಂದರ ಬಗ್ಗೆ ಪೂರ್ತಿ ಹೇಳಿಬಿಡುತ್ತದೆ, ಅದೆಂಥ ಸ್ವಾತಂತ್ರ್ಯ? ಸ್ವತಂತ್ರ ಅಂದರೆ ಒಂದರ ಸುದ್ದಿ ಕೇಳಿದರೂ ಇನ್ನೊಂದರ ಅಂದಾಜು ಬದಲಾಗಬಾರದು. ಜೋರು ಮಳೆ ಮತ್ತು ಕರೆಂಟ್ ಹೋಗುವುದು ನಮ್ಮೂರಲ್ಲಿ ಸ್ವತಂತ್ರ ಘಟನೆಗಳಲ್ಲ. ಎರಡೂ ಒಟ್ಟಿಗೆ ಆಗುವ ಸಂಭವ ಕೇಳಿದಾಗ, ಸ್ವತಂತ್ರ ಘಟನೆಗಳಿಗೆ ಮಾಡುವ ಹಾಗೆ ಎರಡರ ಸಂಭವವನ್ನೂ ಸುಮ್ನೆ ಗುಣಿಸಿ ಉತ್ತರ ಬರೆದರೆ ಸೊನ್ನೆ ಅಂಕ.

ಉಳಿದದ್ದು ಬೇಯ್ಸ್ ಪ್ರಮೇಯ, ಹೊಸ ಸುದ್ದಿ ಬಂದಾಗ ಹಳೆಯ ಅಂದಾಜನ್ನು ತಿದ್ದುವ ಲೆಕ್ಕ. ಅದರ ಸೂತ್ರ ಬರೆಯಬಲ್ಲೆ, ಲೆಕ್ಕ ನೋಡಿದರೆ ಯಾವ ಅಂಕಿ ಮೇಲೆ, ಯಾವುದು ಕೆಳಗೆ ಅಂತ ಗೊಂದಲ. ಹುಡುಗಿ ಹೇಳಿದಳು, “ಸೂತ್ರ ಬಿಡಿ ಅತ್ತೆ. ಸಾವಿರ ಜನರನ್ನ ಇಟ್ಕೊಳ್ಳಿ.”

ಉದಾಹರಣೆಗೆ ಮಂಗನ ಕಾಯಿಲೆ ಹಿಡಿದೆವು. 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ಜ್ವರ, ಬೇಸಿಗೆಯಲ್ಲಿ ಇಲ್ಲಿಯವರಿಗೆ ಇದರದೇ ಹೆದರಿಕೆ. ಅಂಕಿಗಳು ಮಾತ್ರ ನಮ್ಮ ಕಲ್ಪನೆಯವು. ಜ್ವರ ಬಂದ ಸಾವಿರ ಜನರಲ್ಲಿ ಹತ್ತು ಜನರಿಗೆ ಈ ಕಾಯಿಲೆ. ಪರೀಕ್ಷೆ ಕಾಯಿಲೆ ಇದ್ದ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದವರಲ್ಲೂ ಹತ್ತಕ್ಕೆ ಒಬ್ಬರಿಗೆ ಸುಮ್ನೆ ಪಾಸಿಟಿವ್ ತೋರಿಸುತ್ತದೆ. ಈಗ ಒಬ್ಬರಿಗೆ ಪಾಸಿಟಿವ್ ಬಂತು. ಅವರಿಗೆ ನಿಜಕ್ಕೂ ಕಾಯಿಲೆ ಇರುವ ಸಂಭವ ಎಷ್ಟು?

ಯಾರನ್ನು ಕೇಳಿದರೂ ನೂರಕ್ಕೆ ತೊಂಬತ್ತು ಅನ್ನುತ್ತಾರೆ. ಅಣ್ಣನೂ ಹಾಗೇ ಅಂದ. ಎಣಿಸಿ ನೋಡಿದೆವು. ಕಾಯಿಲೆ ಇರುವ ಹತ್ತರಲ್ಲಿ ಪಾಸಿಟಿವ್ ಒಂಬತ್ತು. ಇಲ್ಲದ 990ರಲ್ಲಿ ಪಾಸಿಟಿವ್ 99. ಒಟ್ಟು ಪಾಸಿಟಿವ್ 108. ಅದರಲ್ಲಿ ನಿಜವಾದ ರೋಗಿಗಳು ಒಂಬತ್ತು. ಅಂದರೆ ಹನ್ನೆರಡರಲ್ಲಿ ಒಂದು, ನೂರಕ್ಕೆ ಎಂಟು ಚಿಲ್ಲರೆ!

ಅಣ್ಣ ನಂಬಲಿಲ್ಲ. ಹಾಳೆ ಕಿತ್ತುಕೊಂಡು ತಾನೇ ಇನ್ನೊಮ್ಮೆ ಎಣಿಸಿದ. ಅಷ್ಟೇ ಬಂತು.

ಆಗ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪಯ್ಯ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. “ಮಂಗ ಸತ್ತ ಕಾಡಿಗೆ ಸೊಪ್ಪು ತರಕ್ಕೆ ಹೋಗಿ ಬಂದವನಿಗೂ ಪೇಟೇಲಿ ಕೂತವನಿಗೂ ಇದೇ ಲೆಕ್ಕವಾ?”

ಅಲ್ಲ. ಅದೇ ತಾನೇ ಬೇಯ್ಸ್! ಮಂಗ ಸತ್ತ ಕಾಡಿಗೆ ಹೋಗಿ ಬಂದು ಜ್ವರ ಹಿಡಿದ ಸಾವಿರ ಜನರಲ್ಲಿ ಐನೂರು ಜನರಿಗೆ ಕಾಯಿಲೆ ಇದೆ ಅಂತ ಇಟ್ಟುಕೊಂಡೆವು. ಆಗ ಸರಿಯಾದ ಪಾಸಿಟಿವ್ 450, ಸುಳ್ಳು ಪಾಸಿಟಿವ್ 50. ಐನೂರರಲ್ಲಿ ನಾಲ್ಕುನೂರ ಐವತ್ತು, ನೂರಕ್ಕೆ ತೊಂಬತ್ತು. ಪರೀಕ್ಷೆ ಅದೇ, ಪಾಸಿಟಿವ್ ಅನ್ನೋ ಚೀಟಿಯೂ ಅದೇ. ಚೀಟಿ ಹಿಡಿದವನು ಎಲ್ಲಿಂದ ಬಂದ ಅನ್ನೋದರ ಮೇಲೆ ಅರ್ಥವೇ ಬೇರೆ. ಪುಸ್ತಕದಲ್ಲಿ ಪೂರ್ವ ಸಂಭವನೀಯತೆ (ಪರೀಕ್ಷೆಗೆ ಮೊದಲೇ ಇದ್ದ ಸಂಭವ) ಅಂತ ಇದ್ದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ‘ಮಂಗ ಸತ್ತ ಕಾಡು’ ಅಂತ ಬರೆದುಕೊಂಡೆ. ಜ್ವರ ಅಂತ ಹೋದರೆ ಒಳ್ಳೆ ಡಾಕ್ಟರು ಕಾಡಿಗೆ ಹೋಗಿದ್ರಾ ಅಂತ ಮೊದಲು ಕೇಳುವುದು ಯಾಕೆ ಅಂತಲೂ ತಿಳಿಯಿತು.

ನಾರ್ಮಲ್ ವಿತರಣೆ, ಅಂದರೆ ಗಂಟೆಯಾಕಾರದಲ್ಲಿ ಹರಡಿದ ಅಂಕಿಗಳ, ಕೋಷ್ಟಕ ಓದುವುದನ್ನು ಸಂಜೆ ಚಿಮಣಿ ಬೆಳಕಿನಲ್ಲಿ ಮುಗಿಸಿದೆವು. ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ ನೂರಕ್ಕೆ 68 ಅಂಕಿಗಳು, ಎರಡರೊಳಗೆ 95. ಅಷ್ಟು ನೆನಪಿದ್ದರೆ ಅರ್ಧ ಲೆಕ್ಕ ಕೋಷ್ಟಕ ನೋಡದೆಯೇ ಸರಿಯಿದೆಯಾ ಅಂತ ಹೇಳಬಹುದು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ತೀರ್ಥಹಳ್ಳಿ ಬಿಟ್ಟು ಮಂಡಗದ್ದೆ ದಾಟುವವರೆಗೂ ಮಳೆ. ಶಿವಮೊಗ್ಗದಲ್ಲಿ ಇಳಿದರೆ ರಸ್ತೆ ಒಣಗಿತ್ತು, ಒದ್ದೆ ಕೊಡೆ ಹಿಡಿದಿದ್ದವರು ನಾವು ಬಸ್ಸಿನವರು ಮಾತ್ರ.

ಪ್ರಶ್ನೆಪತ್ರಿಕೆಯಲ್ಲಿ ಮಂಗನ ಕಾಯಿಲೆ ಇರಲಿಲ್ಲ, ಇರಲಿ ಅಂತ ನಿರೀಕ್ಷೆಯೂ ಇರಲಿಲ್ಲ. ಎರಡು ಯಂತ್ರ, ಕೆಟ್ಟ ಬೋಲ್ಟು, ಅದು ಯಾವ ಯಂತ್ರದ್ದು ಅನ್ನೋ ಹಳೇ ಲೆಕ್ಕ. ಸಾವಿರ ಬೋಲ್ಟು ಇಟ್ಟುಕೊಂಡು ಮೊದಲು ರಫ್ ಹಾಳೆಯಲ್ಲಿ ಎಣಿಸಿದೆ, ಆಮೇಲೆ ಉತ್ತರಪತ್ರಿಕೆಯಲ್ಲಿ ಸೂತ್ರ ಹಾಕಿ ಅದೇ ಉತ್ತರ ತೋರಿಸಿದೆ. ಮೌಲ್ಯಮಾಪಕರಿಗೆ ಸೂತ್ರ ಬೇಕು, ಪಾಪ.

ಹೊರಗೆ ಬರುವಷ್ಟರಲ್ಲಿ ಊರಿಗೆ ನೆಟ್‌ವರ್ಕ್ ಬಂದಿತ್ತು. ಫೋನ್.

“ಅತ್ತೆ, ಹೆಂಗಿತ್ತು? ಎರಡು ಅಂಕದ್ದು ಎಂತ ಕೊಟ್ಟಿದ್ರು?”

“ಚೀಲದಲ್ಲಿ ಮೂರು ಕೆಂಪು ಚೆಂಡು, ಎರಡು ಕಪ್ಪು. ಎರಡು ತೆಗೆದರೆ ಎರಡೂ ಕೆಂಪು ಬರೋದು.”

“ತೆಗೆದದ್ದು ವಾಪಸ್ ಹಾಕ್ತಾರಾ, ಇಲ್ವಾ?”

“ಇಲ್ಲ.”

“ಹಂಗಾದ್ರೆ ಎರಡನೇ ಸಲ ನಾಲ್ಕರಲ್ಲಿ ಎರಡು. ಹತ್ತರಲ್ಲಿ ಮೂರು, ಅಲ್ವಾ?”

“ಹೌದೇ ಮಾರಾಯ್ತಿ, ಹಂಗೇ ಬರ್ದಿದ್ದೀನಿ. ಬಸ್ ಬಂತು, ಇಡ್ತೀನಿ.”