ಮಾಣಿಕಟ್ಟಾದ ಬಂಡಿನ ಮೇಲೆ ಒಂದು ಸಂಜೆ

ಕಳೆದ ಅಕ್ಟೋಬರಲ್ಲಿ ಶಿರಸಿಯಿಂದ ಬೈಕ್ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಹೋಗಿದ್ವಿ, ಗೆಳೆಯನಿಗೆ ಮಿರ್ಜಾನ್ ಕೋಟೆ ನೋಡೋ ಆಸೆ, ಅದನ್ನ ಒಂದು ಗಂಟೇಲಿ ಮುಗಿಸಿದ್ವಿ. ನನಗೆ ಬೇಕಾಗಿದ್ದು ಮಾಣಿಕಟ್ಟಾದ ಗಜನಿ ಗದ್ದೆ, ಅಂದ್ರೆ ಅಘನಾಶಿನಿ ಹೊಳೆ ಸಮುದ್ರ ಸೇರೋ ಕಡೆ, ಬಂಡು (ಮಣ್ಣಿನ ಒಡ್ಡು) ಕಟ್ಟಿ ಉಪ್ಪುನೀರು ತಡೆದಿರೋ ತಗ್ಗು ಗದ್ದೆ.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರ್ತು. ಇಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೀತಾರೆ, ಕೊಯ್ಲಾದ ಮೇಲೆ ಅದೇ ಗದ್ದೇಲಿ ಸಿಗಡಿ, ಮೀನು. ಕಗ್ಗ ಉಪ್ಪುನೀರು ತಡ್ಕೊಳ್ಳೋ ತಳಿ, ಆದ್ರೂ ಅದಕ್ಕೂ ಒಂದು ಮಿತಿ ಇದೆಯಲ್ವಾ.

ಬಂಡಿನ ಮೇಲೆ ಸಿಕ್ಕ ಹಿರಿಯರೊಬ್ರು ಒಂದು ಏಡಿ ಬಿಲ ತೋರಿಸಿದ್ರು, ಹೆಬ್ಬೆರಳು ತೂರುವಷ್ಟೇ ಅಗಲ. ಅದರಿಂದ ಒಳಗೆ ಜಿನುಗ್ತಿದ್ದ ನೀರನ್ನ ಬೆರಳಲ್ಲಿ ನೆಕ್ಕಿ ನೋಡಿದೆ, ಉಪ್ಪು. "ತಮಾ, ಹುಣ್ಣಿಮೆ ಅಮಾಸೆಗೆ ನೀರು ಬಂಡಿನ ತಲೆ ಮುಟ್ತದೆ, ಇಂಥದ್ದೊಂದು ಮುಚ್ಚದೆ ಬಿಟ್ರೆ ಗದ್ದೆ ಹೋಯ್ತು" ಅಂದ್ರು.

ಆಗ ನನಗೆ ಗ್ರೀನ್‌ಲ್ಯಾಂಡಿನ ಕರಗ್ತಿರೋ ಹಿಮ ನೆನಪಾಯ್ತು. ಲೋಟದಲ್ಲಿ ತೇಲೋ ಐಸ್ ಕರಗಿದ್ರೆ ನೀರು ತುಳುಕಲ್ಲ, ಸಮುದ್ರದ ಮೇಲೆ ತೇಲೋ ಹಿಮನೂ ಹೆಚ್ಚುಕಮ್ಮಿ ಹಾಗೇನೇ, ಆದ್ರೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದಲ್ಲಿ ನೆಲದ ಮೇಲೆ ಕೂತಿರೋದು ಕರಗಿದ್ರೆ ಅಷ್ಟೂ ಹೊಸ ನೀರು. ಗ್ರೀನ್‌ಲ್ಯಾಂಡಿಂದು ಪೂರ್ತಿ ಕರಗಿದ್ರೆ ಸಮುದ್ರ ಸುಮಾರು 7 ಮೀಟರ್ ಏರತ್ತೆ. ಅದಕ್ಕೆ ಸಾವಿರಾರು ವರ್ಷ ಬೇಕಾಗ್ಬಹುದು ನಿಜ, ಆದ್ರೆ 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿ ಆಗಿದೆ, ಬಿಸಿಯಾಗಿ ಹಿಗ್ಗಿದ ನೀರೂ ಕರಗಿದ ಹಿಮವೂ ಸೇರಿ. ಇನ್ನೊಂದು ವಿಷಯ ನನ್ನನ್ನ ಬಹಳ ಕಾಡತ್ತೆ: ಆ ಹಿಮದ ರಾಶಿ ಎಷ್ಟು ಭಾರ ಅಂದ್ರೆ ಸುತ್ತಲಿನ ಸಮುದ್ರವನ್ನೇ ತನ್ನತ್ತ ಎಳ್ಕೊಂಡಿರತ್ತೆ, ಕರಗ್ತಾ ಹೋದ ಹಾಗೆ ಆ ಹಿಡಿತ ಸಡಿಲ ಆಗಿ ಅದರ ಪಕ್ಕದಲ್ಲಿ ನೀರು ಇಳಿಯತ್ತೆ, ಏರೋದು ದೂರದಲ್ಲಿ. ಅಲ್ಲಿ ಕರಗಿದ್ದು ನಮ್ಮಂಥವರ ಬಾಗಿಲಿಗೆ ಬರತ್ತೆ.

ಅಲ್ಲಿನ ಜೀವಿಗಳಿಗೂ ಸುಖ ಇಲ್ಲ. ತೇಲೋ ಹಿಮದ ಅಡಿಯಲ್ಲಿ ಪಾಚಿ ಬೆಳೆಯತ್ತೆ, ಅಂಟಾರ್ಕ್ಟಿಕಾದಲ್ಲಿ ಅದನ್ನ ಸಿಗಡಿಯಂಥ ಕ್ರಿಲ್ ಮರಿಗಳು ತಿಂತಾವೆ, ಕ್ರಿಲ್ ನಂಬ್ಕೊಂಡು ಪೆಂಗ್ವಿನ್, ತಿಮಿಂಗಿಲ. 2022ರಲ್ಲಿ ಅಲ್ಲಿ ಹಿಮ ಬೇಗ ಒಡೆದು ಎಂಪರರ್ ಪೆಂಗ್ವಿನ್‌ಗಳ ನಾಲ್ಕು ಕಾಲೊನಿಗಳ ಮರಿಗಳು, ಗರಿ ಬಲಿಯೋ ಮೊದಲೇ, ಬಹುಶಃ ಅಷ್ಟೂ ನೀರುಪಾಲಾದ್ವು. ಓದಿದ ದಿನ ಊಟ ಸೇರಿರ್ಲಿಲ್ಲ.

ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಸುಮ್ನೆ ಕೇಳಿಸ್ಕೊಂಡ್ರು. "ಹಾಗಾದ್ರೆ ಬಂಡು ಇನ್ನೆಷ್ಟು ಏರಿಸ್ಬೇಕು?" ಅಂತ ಕೇಳಿದ್ರು. ನನ್ನತ್ರ ಉತ್ತರ ಇರ್ಲಿಲ್ಲ.

ಅಷ್ಟೊತ್ತಿಗೆ ಉಬ್ಬರ ಶುರುವಾಗಿತ್ತು, ಹೊಳೇಲಿ ಬಳಚು (ಚಿಪ್ಪುಮೀನು) ಹೆಕ್ತಿದ್ದ ಹೆಂಗಸರು ಬುಟ್ಟಿ ಎತ್ಕೊಂಡು ದಡಕ್ಕೆ ಬರ್ತಿದ್ರು. ಹಿರಿಯರು ಬಗ್ಗಿ ಎರಡು ಬೊಗಸೆ ಹಸಿಮಣ್ಣು ಬಿಲಕ್ಕೆ ತುಂಬಿ ಹಿಮ್ಮಡೀಲಿ ತುಳಿದ್ರು, ನಾನೂ ಒಂದು ಬೊಗಸೆ ಹಾಕಿದೆ.